ಕರಿಹಲಗೆ ಯಾರಪ್ಪನ ಸ್ವತ್ತು?

ಒಬ್ಬನೇ ಮನುಷ್ಯ ಬೆಳಿಗ್ಗೆ ಶಾಲೆಯಲ್ಲಿ ಮೇಷ್ಟ್ರು, ಸಂಜೆ ಕಾಲೇಜಿನಲ್ಲಿ ವಿದ್ಯಾರ್ಥಿ. ಕೆಲಸ ಮಾಡ್ತಾ ಮಾಡ್ತಾ ಎಂ.ಎ. ಕಟ್ಟಿದ ಮೇಷ್ಟ್ರುಗಳು ನಮ್ಮ ಪ್ರತಿ ಊರಲ್ಲೂ ಸಿಗ್ತಾರೆ. ಇದನ್ನೇ ಕಂಪ್ಯೂಟರಿನಲ್ಲಿ ಮಾಡಿ, ಒಬ್ಬನೇ ಬಳಕೆದಾರ ಒಂದು ಕೋರ್ಸಿಗೆ ಅಧ್ಯಾಪಕ, ಇನ್ನೊಂದಕ್ಕೆ ವಿದ್ಯಾರ್ಥಿ ಆಗಿರೋ ಹಾಗೆ ಏರ್ಪಾಡು ಮಾಡಿದ್ದು ನಮ್ಮ ಆವಿಷ್ಕಾರ, ಬೇರೆ ಯಾರೂ ಮಾಡಕೂಡದು ಅಂತ ಒಂದು ಕಂಪನಿ ಕೋರ್ಟಿಗೆ ಹೋಗಿತ್ತು ಅಂದ್ರೆ ನಂಬ್ತೀರಾ? 2006ರಲ್ಲಿ ಅಮೆರಿಕದಲ್ಲಿ ನಡೆದದ್ದು ಇದು. ಕಂಪನಿಯ ಹೆಸರು ಬ್ಲ್ಯಾಕ್‌ಬೋರ್ಡ್. ಅಂದ್ರೆ ಕರಿಹಲಗೆ :-)

ಆನ್‌ಲೈನ್ ಪಾಠಕ್ಕೆ ಮುಕ್ತ ತಂತ್ರಾಂಶ ಬೇಕೋ, ದುಡ್ಡು ಕೊಟ್ಟು ಕೊಳ್ಳೋ ಖಾಸಗಿ ತಂತ್ರಾಂಶ ಬೇಕೋ ಅನ್ನೋ ಚರ್ಚೆ ಎಲ್ಲೇ ನಡೆದರೂ ಬೆಲೆಯಲ್ಲಿ ಶುರುವಾಗಿ ಬೆಲೆಯಲ್ಲೇ ಮುಗಿಯುತ್ತೆ. ನನಗೇನೋ ಈ ಕರಿಹಲಗೆ ಜಗಳದ ಚರಿತ್ರೆ ಗೊತ್ತಿದ್ದರೆ ಆ ಚರ್ಚೆ ಬೇರೆ ಥರ ನಡೀಬಹುದು ಅನ್ನಿಸುತ್ತೆ.

ಕಂಪ್ಯೂಟರಿನಲ್ಲಿ ಪಾಠ ಹೇಳೋದು ಅಂತರ್ಜಾಲದ ಜೊತೆ ಹುಟ್ಟಿದ್ದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲೇ ಪ್ಲೇಟೋ ಅನ್ನೋ ವ್ಯವಸ್ಥೆ ಇತ್ತು. ವೆಬ್ ಬಂದ ಮೇಲೆ ವೇಗ ಹೆಚ್ಚಾಯಿತು ಅಷ್ಟೆ. ಕೆನಡಾದ ವ್ಯಾಂಕೂವರಿನಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಮೇಷ್ಟ್ರು ಮರ್ರೆ ಗೋಲ್ಡ್‌ಬರ್ಗ್ ತಮ್ಮ ಪಾಠಕ್ಕಾಗಿ ಕಟ್ಟಿದ ವೆಬ್‌ಸಿಟಿ 1996ರಲ್ಲಿ ಹೊರಬಂತು. ಮರುವರ್ಷ ವಾಷಿಂಗ್ಟನ್ನಿನಲ್ಲಿ ಬ್ಲ್ಯಾಕ್‌ಬೋರ್ಡ್ ಶುರುವಾಯಿತು. 1998ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಹುಡುಗರ ಕೋರ್ಸ್‌ಇನ್ಫೋ ಕಂಪನಿ ಅದರೊಳಗೆ ಸೇರಿಕೊಂಡಿತು. ಗಮನಿಸಿ, ಬಹುಪಾಲು ಬೇರುಗಳೆಲ್ಲ ಕ್ಯಾಂಪಸ್ಸಿನಲ್ಲೇ ಇವೆ. ವಿಶ್ವವಿದ್ಯಾಲಯದ ಹಿತ್ತಲಲ್ಲಿ ಬೆಳೆದ ಸೊಪ್ಪನ್ನು ಕಂಪನಿ ಕಟ್ಟು ಕಟ್ಟಿ ಅದೇ ವಿಶ್ವವಿದ್ಯಾಲಯಕ್ಕೆ ಮಾರಿದ ಹಾಗೆ.

ಇನ್ನೊಂದು ಕಡೆ, ಆಸ್ಟ್ರೇಲಿಯಾದ ಪರ್ತ್. ಅಲ್ಲಿನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿಯನ್ನು ನೋಡಿಕೊಳ್ಳೋ ಕೆಲಸದಲ್ಲಿದ್ದವರು ಮಾರ್ಟಿನ್ ಡೂಗಿಯಾಮಸ್. ಈ ಮನುಷ್ಯನ ಬಾಲ್ಯವೇ ಒಂದು ಕಥೆ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ಹತ್ತಿರದಲ್ಲಿ ಶಾಲೆಯಿಲ್ಲದ ಜಾಗದಲ್ಲಿ ಬೆಳೆದವರು. ಪಾಠ ಬರ್ತಿದ್ದದ್ದು ಶಾರ್ಟ್‌ವೇವ್ ರೇಡಿಯೋದಲ್ಲಿ, ಪುಸ್ತಕಗಳು ಬರ್ತಿದ್ದದ್ದು ವಿಮಾನದಲ್ಲಿ! ದೂರದಿಂದ ಕಲಿಯೋದು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವೆಬ್‌ಸಿಟಿಯಲ್ಲಿ ತಮಗೆ ಸರಿ ಕಾಣದ್ದನ್ನು ಬಿಚ್ಚಿ ಸರಿಮಾಡೋಕೆ ದಾರಿ ಇರಲಿಲ್ಲ, ಯಾಕಂದ್ರೆ ಅದರ ಮೂಲ ಸಂಕೇತ ಕಂಪನಿಯ ಹತ್ತಿರ. ಬೇಸತ್ತು ತಾವೇ ಒಂದನ್ನು ಬರೆಯತೊಡಗಿದರು. ಅದರ ಮೊದಲ ಪೂರ್ಣ ಆವೃತ್ತಿ 2002ರ ಆಗಸ್ಟ್ 20ರಂದು ಜಿಪಿಎಲ್ ಲೈಸೆನ್ಸಿನಡಿ ಬಿಡುಗಡೆಯಾಯಿತು. ಅದೇ ಮೂಡಲ್. (ನಮಗೆ 'ಮೂಡಲ ಮನೆ' ನೆನಪಾಗುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಉದ್ದದ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳು ಅಷ್ಟೆ.)

2005ರ ಅಕ್ಟೋಬರಿನಲ್ಲಿ ಬ್ಲ್ಯಾಕ್‌ಬೋರ್ಡ್ ತನ್ನ ದೊಡ್ಡ ಪ್ರತಿಸ್ಪರ್ಧಿ ವೆಬ್‌ಸಿಟಿಯನ್ನೇ ಕೊಳ್ಳುತ್ತೇನೆ ಅಂತ ಘೋಷಿಸಿತು. ಮುಂದಿನ ವರ್ಷದ ಆರಂಭದಲ್ಲಿ ವ್ಯವಹಾರ ಮುಗಿಯಿತು. ಕ್ರಮೇಣ ವೆಬ್‌ಸಿಟಿ ಅನ್ನೋ ಹೆಸರೇ ಅಳಿಸಿಹೋಯಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ವರ್ಷಗಟ್ಟಲೆ ತಮ್ಮ ಟಿಪ್ಪಣಿ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವನ್ನೂ ವೆಬ್‌ಸಿಟಿಯೊಳಗೆ ತುಂಬಿದ್ದ ಅಧ್ಯಾಪಕರು ಏನೂ ತಪ್ಪು ಮಾಡಿರಲಿಲ್ಲ. ಅವರ ಕಾಲೇಜು ಒಳ್ಳೆಯದನ್ನೇ ನೋಡಿ ಆರಿಸಿತ್ತು, ಹಣವನ್ನೂ ಕಟ್ಟಿತ್ತು. ಆದರೂ ಅವರ ತರಗತಿಯ ಭವಿಷ್ಯ ಅವರಿಲ್ಲದ ಯಾವುದೋ ಕೋಣೆಯಲ್ಲಿ ತೀರ್ಮಾನವಾಯಿತು.

ನಮಗೆ, ಅಂದ್ರೆ ಕನ್ನಡದಲ್ಲಿ ಟೈಪಿಸೋರಿಗೆ, ಈ ಕಷ್ಟ ಯಾರೂ ವಿವರಿಸಬೇಕಾಗಿಲ್ಲ. ಯೂನಿಕೋಡ್ ರೂಢಿಗೆ ಬರೋ ಮುಂಚೆ ಒಂದೊಂದು ತಂತ್ರಾಂಶದ್ದು ಒಂದೊಂದು ಸಂಕೇತ, ಒಂದೊಂದು ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ನಾವೇ ಬರೆದ ಲೇಖನ ಜಿಲೇಬಿ. ಬರೆದವರು ನಾವು, ಆದರೆ ಓದಲು ಇನ್ನೊಬ್ಬರ ಫಾಂಟಿನ ಅಪ್ಪಣೆ ಬೇಕು.

ಸರಿ, ಕೋರ್ಟಿಗೆ ಬರೋಣ. ಬ್ಲ್ಯಾಕ್‌ಬೋರ್ಡಿಗೆ ಪೇಟೆಂಟು ಸಿಕ್ಕಿದ್ದು 2006ರ ಜನವರಿ 17ರಂದು. ಜುಲೈ 26ರಂದು ಅದನ್ನು ಜಗತ್ತಿಗೆ ಸಾರಿ, ಅದೇ ದಿನ ಕೆನಡಾದ ಡಿಸೈರ್‌ಟುಲರ್ನ್ ಅನ್ನೋ ಪುಟ್ಟ ಕಂಪನಿಯ ಮೇಲೆ ಟೆಕ್ಸಾಸಿನ ಕೋರ್ಟಿನಲ್ಲಿ ದಾವೆ ಹೂಡಿತು. ಪೇಟೆಂಟಿನಲ್ಲಿದ್ದದ್ದು 44 ಹಕ್ಕೊತ್ತಾಯಗಳು.

ಆಮೇಲೆ ನಡೆದದ್ದು ನನಗೆ ಬಹಳ ಇಷ್ಟವಾದ ಭಾಗ. ಆನ್‌ಲೈನ್ ಪಾಠದಲ್ಲಿ ತೊಡಗಿಕೊಂಡಿದ್ದ ಜನ ಚರಿತ್ರೆ ಬರೆಯೋಕೆ ಕೂತರು. "ನಾವು ಇದನ್ನು ಇವರಿಗಿಂತ ಮುಂಚೆಯೇ ಮಾಡಿದ್ದೆವು" ಅಂತ ಒಬ್ಬೊಬ್ಬರೂ ಹಳೇ ಕೈಪಿಡಿ, ಹಳೇ ಪ್ರಬಂಧ ಹುಡುಕಿ ತಂದರು. ವಿಕಿಪೀಡಿಯದಲ್ಲಿ ಈ ವ್ಯವಸ್ಥೆಗಳ ಇತಿಹಾಸದ ಪುಟ ಕೆಲವೇ ವಾರಗಳಲ್ಲಿ ಬೆಳೆದು ದೊಡ್ಡದಾಯಿತು. ಪೇಟೆಂಟಿನ ಕಾನೂನಿನಲ್ಲಿ ಇಂಥ ಪುರಾವೆಗೆ ಬೆಲೆ ಇದೆ: ಅರ್ಜಿಗಿಂತ ಮುಂಚೆಯೇ ಲೋಕದಲ್ಲಿ ಇದ್ದದ್ದಕ್ಕೆ ಪೇಟೆಂಟು ನಿಲ್ಲೋದಿಲ್ಲ. 2006ರ ನವೆಂಬರಿನಲ್ಲಿ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಎಂಬ ವಕೀಲರ ಸಂಸ್ಥೆ ಮೂಡಲ್, ಸಕಾಯ್, ಎಟ್ಯೂಟರ್ ಎಂಬ ಮೂರು ಮುಕ್ತ ತಂತ್ರಾಂಶಗಳ ಪರವಾಗಿ ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಹಾಕಿತು.

ವಿರೋಧ ಜೋರಾದಾಗ, 2007ರ ಫೆಬ್ರವರಿಯಲ್ಲಿ ಬ್ಲ್ಯಾಕ್‌ಬೋರ್ಡ್ ಒಂದು ವಾಗ್ದಾನ ಮಾಡಿತು: ಮುಕ್ತ ತಂತ್ರಾಂಶಗಳ ಮೇಲೆ, ವಿಶ್ವವಿದ್ಯಾಲಯಗಳು ತಾವೇ ಕಟ್ಟಿಕೊಂಡವುಗಳ ಮೇಲೆ ಈ ಪೇಟೆಂಟು ಪ್ರಯೋಗಿಸೋದಿಲ್ಲ. ಉದಾರ ಮನಸ್ಸು ಅಂತ ಕೆಲವರು ಹೊಗಳಿದರು. ನನಗೆ ಹಾಗನ್ನಿಸಲ್ಲ. ಅಂಗಳದ ಬಾವಿಗೆ ಬೇಲಿ ಹಾಕಿ, ನೀವು ಬೇಕಾದರೆ ನೀರು ಸೇದ್ಕೊಳ್ಳಿ ಅಂದ ಹಾಗಾಯಿತು. ಮುಕ್ತ ತಂತ್ರಾಂಶದ ಜೊತೆ ಖಾಸಗಿ ತಂತ್ರಾಂಶ ಸೇರಿಸಿ ಕೊಟ್ಟರೆ ಈ ವಾಗ್ದಾನದ ಗತಿ ಏನು ಅನ್ನೋ ಅನುಮಾನವನ್ನು ಸಕಾಯ್‌ನವರು ಆಗಲೇ ಎತ್ತಿದ್ದರು.

2008ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಜ್ಯೂರಿ ಬ್ಲ್ಯಾಕ್‌ಬೋರ್ಡ್ ಪರ ನಿಂತು ಸುಮಾರು 31 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಮರುತಿಂಗಳೇ ಪೇಟೆಂಟ್ ಕಚೇರಿ ತನ್ನ ಪ್ರಾಥಮಿಕ ಆದೇಶದಲ್ಲಿ 44ಕ್ಕೆ 44 ಹಕ್ಕೊತ್ತಾಯಗಳನ್ನೂ ತಿರಸ್ಕರಿಸಿತು. ಕೊನೆಗೆ 2009ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ, ಜ್ಯೂರಿ ಎತ್ತಿಹಿಡಿದಿದ್ದ ಹಕ್ಕೊತ್ತಾಯಗಳು ಮೊದಲೇ ಇದ್ದ ವ್ಯವಸ್ಥೆಗಳಲ್ಲೇ ಕಾಣುತ್ತವೆ, ಆದ್ದರಿಂದ ಅಸಿಂಧು ಅಂದಿತು. ಡಿಸೆಂಬರಿನಲ್ಲಿ ಎರಡೂ ಕಂಪನಿಗಳು ರಾಜಿ ಮಾಡಿಕೊಂಡವು.

ಮುಕ್ತ ತಂತ್ರಾಂಶದ ಅಭಿಮಾನಿಗಳು (ನಾನೂ ಒಬ್ಬ) ಈ ಕಥೆ ಹೇಳುವಾಗ ಒಂದನ್ನು ನುಂಗಿಬಿಡ್ತೀವಿ. ಕೋರ್ಟಿನಲ್ಲಿ ಮೂರು ವರ್ಷ ವಕೀಲರ ಫೀಸು ಕಟ್ಟಿ ಸೆಣಸಿದ್ದು ಡಿಸೈರ್‌ಟುಲರ್ನ್. ಅದೂ ಖಾಸಗಿ ತಂತ್ರಾಂಶದ ಕಂಪನಿಯೇ! ಒಳ್ಳೆಯವರು ಈ ಕಡೆ, ಕೆಟ್ಟವರು ಆ ಕಡೆ ಅಂತ ಗೆರೆ ಎಳೆಯೋಕೆ ಆಗಲ್ಲ.

ಮುಕ್ತ ಅಂದರೆ ಬಿಟ್ಟಿ ಅಂತಲೂ ಅಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2005ರ ನವೆಂಬರಿನಲ್ಲಿ ಮೂಡಲ್ ಆರಿಸಿಕೊಂಡಾಗ ಸಂಬಳ ಕೊಟ್ಟು ಪ್ರೋಗ್ರಾಮರುಗಳನ್ನು ಇಟ್ಟುಕೊಂಡಿತು. ಅವರು ತಿದ್ದಿ ಬೆಳೆಸಿದ ರಸಪ್ರಶ್ನೆಯ ಭಾಗ ಇವತ್ತು ಜಗತ್ತಿನ ಎಲ್ಲ ಮೂಡಲ್‌ಗಳಲ್ಲೂ ಇದೆ. ಕೊಟ್ಟ ದುಡ್ಡು ಲೈಸೆನ್ಸಿಗೆ ಹೋಗದೆ ಜನರ ಕೈಗೆ ಹೋಯಿತು, ಅವರ ಕೆಲಸ ಎಲ್ಲರದ್ದಾಯಿತು. ಅಂಥ ಜನರನ್ನು ಇಟ್ಟುಕೊಳ್ಳೋ ಶಕ್ತಿ ಇಲ್ಲದ ಸಣ್ಣ ಕಾಲೇಜು ಖಾಸಗಿ ತಂತ್ರಾಂಶ ಕೊಂಡರೆ ನಾನಂತೂ ಬೈಯಲ್ಲ. ಆದರೆ ಸಹಿ ಹಾಕೋ ಮುಂಚೆ, ನಾಳೆ ಬಿಟ್ಟು ಹೊರಡಬೇಕಾದರೆ ನಮ್ಮ ಪಾಠಗಳನ್ನು ಯಾವ ರೂಪದಲ್ಲಿ ವಾಪಸ್ ಕೊಡ್ತೀರಿ ಅಂತ ಕೇಳಿ, ಉತ್ತರವನ್ನು ಬರೆಸಿಕೊಳ್ಳಲಿ. ಮೂಡಲ್‌ಗೆ ಕನ್ನಡದ ಭಾಷಾ ಕಟ್ಟೂ ಇದೆ, ಅದಕ್ಕೆ ಪದ ಸೇರಿಸೋಕೆ ಯಾವ ಕಂಪನಿಯ ಮಾರುಕಟ್ಟೆ ಲೆಕ್ಕಾಚಾರಕ್ಕೂ ಕಾಯಬೇಕಾಗಿಲ್ಲ ಅನ್ನೋದನ್ನೂ ತಕ್ಕಡಿಗೆ ಹಾಕಿಕೊಳ್ಳಲಿ.

ಅಂದಹಾಗೆ, 2012ರಲ್ಲಿ ಬ್ಲ್ಯಾಕ್‌ಬೋರ್ಡ್ ಮೂಡಲ್ ಸೇವೆ ಕೊಡುತ್ತಿದ್ದ ಮೂಡಲ್‌ರೂಮ್ಸ್, ನೆಟ್‌ಸ್ಪಾಟ್ ಎಂಬ ಎರಡು ಕಂಪನಿಗಳನ್ನು ಕೊಂಡುಕೊಂಡಿತು. ವೆಬ್‌ಸಿಟಿಯ ಗತಿಯೇ ಇದಕ್ಕೂ ಅಂತ ಎಷ್ಟೋ ಜನ ಹೆದರಿದರು. 2018ರಲ್ಲಿ ಮೂಡಲ್ ಜೊತೆಗಿನ ಪಾಲುದಾರಿಕೆ ಮುರಿಯಿತು, 2020ರಲ್ಲಿ ಬ್ಲ್ಯಾಕ್‌ಬೋರ್ಡ್ ಆ ವ್ಯಾಪಾರವನ್ನೇ ಇನ್ನೊಬ್ಬರಿಗೆ ಮಾರಿತು, ಮರುವರ್ಷ ತಾನೇ ಅಂಥಾಲಜಿ ಅನ್ನೋ ಕಂಪನಿಯಲ್ಲಿ ವಿಲೀನವಾಯಿತು. ಅಷ್ಟೂ ವರ್ಷ ಮೂಡಲ್‌ನ ಹೊಸ ಆವೃತ್ತಿಗಳು ಬರುತ್ತಲೇ ಇದ್ದವು.