ಲೆಕ್ಕಕ್ಕೆ ಸಿಗದ ಬುರುಡೆ

ಸುಳ್ಳು ಹೇಳುವುದಕ್ಕೆ ನಾವು ಬುರುಡೆ ಬಿಡುವುದು ಎನ್ನುತ್ತೇವೆ. ಸೋರೆಬುರುಡೆಯ ಚರಿತ್ರೆ ಕೇಳಿದಾಗಲೂ ಮೊದಲು ಹಾಗೆಯೇ ಅನ್ನಿಸೀತು. ಆಫ್ರಿಕಾ ಮೂಲದ ಈ ಕಾಯಿ ಸುಮಾರು 10,000 ವರ್ಷಗಳ ಹಿಂದೆಯೇ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಹಡಗಿಲ್ಲದ ಕಾಲದಲ್ಲಿ ತಂದವರಾರು? 1950ರ ದಶಕದಲ್ಲಿ ಬುರುಡೆಗಳನ್ನು ಉಪ್ಪುನೀರಿನಲ್ಲಿ ಏಳು ತಿಂಗಳಿಗೂ ಮೇಲೆ ತೇಲಿಬಿಟ್ಟು ನೋಡಿದರು; ಒಳಗಿನ ಬೀಜಕ್ಕೆ ಇನ್ನೂ ಜೀವವಿತ್ತು. 2014ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ, ಅದು ಅಟ್ಲಾಂಟಿಕ್ ಸಾಗರದಲ್ಲಿ ತಾನೇ ತೇಲಿ ಬಂದಿರಬೇಕೆಂದು ತೋರಿಸಿತು.

ಬಹಳ ಕಾಲದ ಮೇಲೆ ಅದೇ ಆಫ್ರಿಕಾದಿಂದ ಮನುಷ್ಯರನ್ನು ಸರಪಳಿ ಹಾಕಿ ತಂದರು. ಅವರು ಕೈಯಲ್ಲಿ ಏನನ್ನೂ ಹಿಡಿದು ಬರುವಂತಿರಲಿಲ್ಲ. ಆದರೆ ತಮ್ಮೂರಿನ ಬಳ್ಳಿ ಇಲ್ಲಿ ಮೊದಲೇ ಇತ್ತು! ನೀರು ಮೊಗೆಯುವ ಸೌಟು, ಕಾಳು ತುಂಬುವ ಪಾತ್ರೆ ಎಲ್ಲ ಅದರಿಂದಲೇ ಆಯಿತು. ಚರ್ಮ ಬಿಗಿದು ತಂತಿ ಕಟ್ಟಿದರೆ ಬ್ಯಾಂಜೊ. 18ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಬರೆದ ‘ದಿ ಓಲ್ಡ್ ಪ್ಲಾಂಟೇಶನ್’ ಎಂಬ ಚಿತ್ರದಲ್ಲಿ ಗುಲಾಮನೊಬ್ಬ ಬುರುಡೆಯ ಬ್ಯಾಂಜೊ ನುಡಿಸುತ್ತಿದ್ದಾನೆ. ನಮ್ಮ ಕಿನ್ನರಿ, ಹಾವಾಡಿಗರ ಪುಂಗಿ ನೋಡಿದವರಿಗೆ ಆ ವಾದ್ಯ ಅಪರಿಚಿತ ಅನ್ನಿಸುವುದಿಲ್ಲ.

ಅಂದಿನ ತೋಟದ ಮಾಲೀಕರ ಆಸ್ತಿಪಟ್ಟಿಗಳಲ್ಲಿ ಎತ್ತು, ಕುದುರೆಗಳ ಜೊತೆಗೇ ಮನುಷ್ಯರ ಹೆಸರು, ಹೆಸರಿನ ಮುಂದೆ ಬೆಲೆ. ಲೆಕ್ಕಪತ್ರವೇ ವೃತ್ತಿಯಾದ ನನಗೆ ಆ ಪುಟಗಳ ಅಚ್ಚುಕಟ್ಟುತನವೇ ಹೆದರಿಕೆ ಹುಟ್ಟಿಸುತ್ತದೆ. ಕೂಡಿದ್ದರಲ್ಲಿ ಒಂದು ತಪ್ಪೂ ಇಲ್ಲದಿರಬಹುದು. ಗುಡಿಸಲ ಹಿಂದೆ ಬೆಳೆದ ಬುರುಡೆಗೆ ಮಾತ್ರ ಯಾರೂ ಬೆಲೆ ಕಟ್ಟಲು ಹೋಗಲಿಲ್ಲ. ಅದು ಬೆಳೆದವರದ್ದಾಗಿಯೇ ಉಳಿಯಿತು.

ಈಗ ನಾನಿರುವ ಉತ್ತರ ಕೆರೊಲಿನಾದಲ್ಲಿ ಹವ್ಯಾಸಕ್ಕಾಗಿ ಇದನ್ನು ಹಿತ್ತಲಲ್ಲಿ ಬೆಳೆಯುವವರಿದ್ದಾರೆ. ಬಿಳಿ ಹೂವು ಅರಳುವುದು ಸಂಜೆಗೆ, ಜೇನ್ನೊಣ ಗೂಡು ಸೇರುವ ಹೊತ್ತಿಗೆ. ಪತಂಗ ಬಾರದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾವೇ ಮುಟ್ಟಿಸಬೇಕು. ಚಪ್ಪರ ಗಟ್ಟಿಯಿರಲಿ. ಕಾಯಿಯನ್ನು ಎಳೆಯದರಲ್ಲಿ ಪಲ್ಯಕ್ಕೆ ಕೊಯ್ಯುವ ನಮ್ಮ ಚಪಲ ಇಲ್ಲಿ ನಡೆಯದು. ಬಳ್ಳಿ ಒಣಗುವವರೆಗೂ ಬಿಡಬೇಕು. ಆಮೇಲೆ ಗಾಳಿಯಾಡುವ ಕಡೆ ತಿಂಗಳುಗಟ್ಟಲೆ ಒಣಗಿಸಬೇಕು. ಮೈತುಂಬ ಕಪ್ಪು ಬೂಷ್ಟು ಹಿಡಿಯುತ್ತದೆ. ಕೊಳೆಯಿತೆಂದು ಎಸೆಯಬೇಡಿ. ಒತ್ತಿದರೆ ಮೆತ್ತಗಾದದ್ದು ಮಾತ್ರ ಕೆಟ್ಟದ್ದು. ಹಗುರಾಗಿ, ಅಲ್ಲಾಡಿಸಿದರೆ ಬೀಜ ಗಲಗಲ ಎಂದರೆ ನೀರಿನಲ್ಲಿ ನೆನೆಸಿ ಉಜ್ಜಿ. ಒಳಗಿನಿಂದ ಕಂದು ಬಣ್ಣದ ಚಿಪ್ಪು ಕಾಣುತ್ತದೆ. ಕೊರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ. ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡಿ.