ಜೀತ: ಗಡಿಯ ಆಚೆ ಈಚೆ

ಮೊಳಕಾಲ್ಮುರು ದಾಟಿ ರಾಯದುರ್ಗದ ಕಡೆ ಹೋಗಿ, ಒಬ್ಬ ಮೇಷ್ಟ್ರನ್ನು ತೆಲುಗಿನಲ್ಲಿ ‘ಜೀತಂ ಎಂತ?’ ಎಂದು ಕೇಳಿ. ಸಲೀಸಾಗಿ ತಿಂಗಳ ಸಂಬಳ ಹೇಳುತ್ತಾರೆ. ಅದನ್ನೇ ಕನ್ನಡ ಮಾಡಿ ಚಳ್ಳಕೆರೆಯಲ್ಲಿ ‘ನಿಮ್ಮ ಜೀತ ಎಷ್ಟು ಸ್ವಾಮಿ?’ ಎಂದರೆ ಜಗಳವೇ ಗತಿ.

ಬೇರು ಒಂದೇ, ಸಂಸ್ಕೃತದ ಜೀವಿತ. ವಕಾರ ಸವೆದು ಜೀತವಾಯಿತು. ಮೊದಲು ಬದುಕು, ಆಮೇಲೆ ಬದುಕಿಗೆ ಆಧಾರವಾದದ್ದು. ಸೇವೆಗೆಂದು ಬಿಟ್ಟುಕೊಟ್ಟ ಭೂಮಿಯನ್ನೂ ನಮ್ಮ ಶಾಸನಗಳು ಜೀವಿತವೆಂದೇ ಕರೆಯುತ್ತವೆ. ಹಳಗನ್ನಡದಲ್ಲಿ ಜೀತವೆಂದರೆ ಮರ್ಯಾದೆಯ ಸಂಬಳ.

ಅದು ಕೆಟ್ಟದ್ದು ಮುಂಗಡದಿಂದ. ಮದುವೆಗೋ ಕಾಯಿಲೆಗೋ ತಂದ ಸಾಲಕ್ಕೆ ಮಗ ಗೌಡರ ಮನೆಯಲ್ಲಿ ದುಡಿಯಬೇಕಿತ್ತು. ಅವನ ಸಂಬಳ ಬಡ್ಡಿಗೆ ಜಮಾ. ಕೈಗೆ ಬಾರದ ಸಂಬಳ ಸಂಬಳವೇ ಅಲ್ಲವಲ್ಲ! ಕ್ರಿಯಾಪದಗಳನ್ನು ನೋಡಿದರೆ ಸಾಕು: ಜೀತ ‘ಕೊಡು’ವುದು ಹೋಗಿ, ಜೀತಕ್ಕೆ ‘ಇಡು’, ಜೀತದಿಂದ ‘ಬಿಡಿಸು’ ಬಂದವು. ಅಡವಿಟ್ಟ ಒಡವೆಗೂ ಇವೇ ಮಾತು.

ತೆಲುಗಿನಲ್ಲಿ ಈ ಕಳಂಕ ಹೊತ್ತದ್ದು ವೆಟ್ಟಿ, ಅಂದರೆ ನಮ್ಮ ಬಿಟ್ಟಿ. ನಿಜಾಮರ ತೆಲಂಗಾಣದಲ್ಲಿ ‘ದೊರೆ’ ಎನಿಸಿಕೊಂಡ ಜಮೀನ್ದಾರರಿಗೆ ಊರಿಗೆ ಊರೇ ವೆಟ್ಟಿ ಚಾಕಿರಿ ಮಾಡಬೇಕಿತ್ತು. 1946ರಿಂದ 1951ರವರೆಗಿನ ಸಶಸ್ತ್ರ ಹೋರಾಟದಲ್ಲಿ ಕಮ್ಯುನಿಸ್ಟರು ಸುಮಾರು 3,000 ಹಳ್ಳಿಗಳಲ್ಲಿ ಗ್ರಾಮರಾಜ್ಯ ಸಮಿತಿಗಳನ್ನು ಕಟ್ಟಿದರು. ಸಮಿತಿಗಳು ವೆಟ್ಟಿ ನಿಲ್ಲಿಸಿದವು, ಒಕ್ಕಲೆಬ್ಬಿಸುವುದನ್ನು ತಡೆದವು, ಸುಮಾರು 10 ಲಕ್ಷ ಎಕರೆ ಹಂಚಿದವು, ಕೂಲಿ ಏರಿಸಿದವು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಆ ಭೂಮಿಯಲ್ಲಿ ಬಹಳಷ್ಟು ದೊರೆಗಳ ಕೈಗೆ ಮರಳಿತು ಎಂಬುದೂ ನಿಜ. ಆದರೆ ಕೂಲಿ ಏರಿ ಆಳುಗಳ ಜೀತ ಹೆಚ್ಚಿತು ಎಂದರೆ ಆಚೆ ಗೆಲುವಿನ ಸುದ್ದಿ. ಈಚೆ ಪೊಲೀಸರಿಗೆ ಕೊಡಬೇಕಾದ ದೂರು.

ರಷ್ಯಾದ ರೈತರನ್ನು 1861ರವರೆಗೆ ಕಟ್ಟಿಹಾಕಿದ್ದ ವ್ಯವಸ್ಥೆಗೂ ಕನ್ನಡದಲ್ಲಿ ಜೀತಪದ್ಧತಿ ಎಂದು ಬರೆಯುವುದುಂಟು. ನನಗದು ಒಪ್ಪಿಗೆಯಿಲ್ಲ. ಅಲ್ಲಿ ಮನುಷ್ಯ ನೆಲಕ್ಕೆ ಅಂಟಿದ್ದ, ಇಲ್ಲಿ ಸಾಲಕ್ಕೆ. ಆ ರಷ್ಯಾದಲ್ಲೇ 1917ರಲ್ಲಿ ಬೋಲ್ಶೆವಿಕರು ಅಧಿಕಾರ ಹಿಡಿದ ಬೆನ್ನಿಗೇ ಜಮೀನ್ದಾರರ ಭೂಮಿಯನ್ನು ಪರಿಹಾರವಿಲ್ಲದೆ ಕಿತ್ತುಕೊಂಡರು, ನಾಲ್ಕೇ ದಿನಕ್ಕೆ ಎಂಟು ಗಂಟೆಯ ದುಡಿಮೆಯ ಆಜ್ಞೆ ಹೊರಡಿಸಿದರು. ನಮ್ಮ ಜೀತದಾಳಿಗೆ ಇವೆರಡೂ ಸಿಕ್ಕಿದ್ದರೂ ಸಾಲದ ಚೀಟಿ ಗೌಡರ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

ಆ ಚೀಟಿಗೇ ಕೈಹಾಕಿದ್ದು 1976ರ ಜೀತಪದ್ಧತಿ ರದ್ದತಿ ಕಾಯ್ದೆ. ಅದರ ಪ್ರಕಾರ ಜೀತದ ಸಾಲ ತೀರಿಸುವ ಹೊಣೆ ಅಳಿದುಹೋಗುತ್ತದೆ. ಅದರ ವಸೂಲಿಗೆ ಯಾವ ನ್ಯಾಯಾಲಯದಲ್ಲೂ ದಾವೆ ಹೂಡುವಂತಿಲ್ಲ.