ಮಾಂಗಿ ಮೇಲಿಯ ಶಿರಸ್ಸು

ನಾನಿಂದು ಸ್ಮರಿಸಬಯಸುವುದು ಆಫ್ರಿಕದ ಒಬ್ಬ ವೀರನನ್ನು. ಕಿಲಿಮಂಜಾರೋ ತಪ್ಪಲಿನ ಚಗ್ಗಾ ಜನರು ಅರಸನನ್ನು ‘ಮಾಂಗಿ’ ಎನ್ನುತ್ತಾರೆ. ಮೋಶಿಯ ಮಾಂಗಿ ಮೇಲಿ 1892ರಲ್ಲಿ ಜರ್ಮನ್ ಪಡೆಯನ್ನು ಸೋಲಿಸಿದವನು. 1900ರ ಮಾರ್ಚ್ 2ರಂದು ಜರ್ಮನರು ಅವನನ್ನೂ ಇತರ ಮುಖಂಡರನ್ನೂ ಗಲ್ಲಿಗೇರಿಸಿದರು. ಅವನ ಶಿರಸ್ಸನ್ನು ಕತ್ತರಿಸಿ ಜರ್ಮನಿಗೆ ಸಾಗಿಸಿದರೆಂದು ವಂಶಜರು ನಂಬಿದ್ದಾರೆ.

ಜನಾಂಗಗಳ ಮೇಲುಕೀಳನ್ನು ಅಳೆಯುವ ಹುಸಿಶಾಸ್ತ್ರಕ್ಕಾಗಿ ಬರ್ಲಿನ್ನಿನಲ್ಲಿ ಅಂದು ಸಾವಿರಾರು ತಲೆಬುರುಡೆಗಳನ್ನು ಕೂಡಿಹಾಕಿದ್ದರು. 2023ರಲ್ಲಿ ಡಿ.ಎನ್.ಎ. ಪರೀಕ್ಷೆಯ ನೆರವಿನಿಂದ ಅವುಗಳಲ್ಲೊಂದು ಮೇಲಿಯ ಸಲಹೆಗಾರನದೆಂದು ತಿಳಿಯಿತು. ಅವನ ವಂಶಜರೂ ಪತ್ತೆಯಾದರು. ಮೇಲಿಯ ಶಿರಸ್ಸು ಮಾತ್ರ ಆ ಪರೀಕ್ಷೆಗಳಲ್ಲಿ ಸಿಗಲಿಲ್ಲ.

ಸ್ಮಾರಕ ನಿಲ್ಲಿಸುವುದು ಸುಲಭ. ಆದರೆ ಹಿರಿಯನನ್ನು ಪೂರ್ಣವಾಗಿ ಮಣ್ಣಿಗೊಪ್ಪಿಸದೆ ಮನೆಯವರ ದುಃಖ ಶಮನವಾದೀತೆ? ಕೇಳುಗರೇ, ಅವರ ಬೇಡಿಕೆಯನ್ನು ಹಳೆಯ ವಸ್ತುವಿನ ವ್ಯಾಜ್ಯವೆಂದು ನಾನು ಭಾವಿಸಲಾರೆ. ಶತಮಾನಕ್ಕೂ ಮೀರಿ ತಡೆದುಬಿಟ್ಟ ಅಂತ್ಯಸಂಸ್ಕಾರವನ್ನು ಅವರು ಕೇಳುತ್ತಿದ್ದಾರೆ.